ಏಳು ಕಲ್ಲಿನ ಓಲೆ, ಒಂದು ಮ್ಯಾಟ್ನಿ ಆಟ

ಅಷ್ಟು ಕೆಟ್ಟ ಸಿನಿಮಾವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಆದರೆ ಇಷ್ಟು ವರ್ಷದ ಸಂಸಾರದಲ್ಲಿ ನಾನು ಹಟ ಹಿಡಿದು, ಸುಳ್ಳು ಹೇಳಿ ಯಜಮಾನರನ್ನು ಕರೆದುಕೊಂಡು ಹೋದದ್ದು ಅದೊಂದೇ ಸಿನಿಮಾಕ್ಕೆ. ಆಫ್ರಿಕಾದ ವಜ್ರ, ಆ ವಜ್ರಕ್ಕಾಗಿ ನಡೆಯುವ ಯುದ್ಧ, ಇದು ಅದರ ಕಥೆ. ಇಂಗ್ಲಿಷಿನಿಂದ ತೆಲುಗಿಗೆ ಡಬ್ ಮಾಡಿ ಚಿಂತಾಮಣಿಯ ಒಂದು ಟಾಕೀಸಿಗೆ ತಂದಿದ್ದರು. ನಮ್ಮ ಕಡೆಗೆ ಇಂಗ್ಲಿಷ್ ಸಿನಿಮಾ ಬಂದರೆ ತೆಲುಗು ಮಾತಾಡಿಕೊಂಡೇ ಬರುತ್ತದೆ. ಅದರಲ್ಲಿ ಯಾರಿಗೂ ಆಶ್ಚರ್ಯವಿಲ್ಲ.

ನಾನು ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುವವಳು. ಒಂದು ಬೆಳಿಗ್ಗೆ ಚಿಂತಾಮಣಿ ಬಸ್‌ಸ್ಟ್ಯಾಂಡಿನಲ್ಲಿ ಶಾಲೆಯ ಕಡೆಯ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಎದುರುಗೋಡೆಯ ಪೋಸ್ಟರ್ ಕಣ್ಣಿಗೆ ಬಿತ್ತು. ಉರಿಯುವ ಗುಡಿಸಲು, ಬಂದೂಕು ಹಿಡಿದ ಬಿಳಿಯ, ಅವನ ತೋಳಿಗೆ ಆತುಕೊಂಡ ಒಬ್ಬ ಹೆಂಗಸು, ಕೆಳಗೆ ಯಾರದೋ ಅಂಗೈಯಲ್ಲಿ ಹೊಳೆಯುವ ಕಲ್ಲು. ಇಷ್ಟೇ ಆಗಿದ್ದರೆ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಆದರೆ ಮೂಲೆಯಲ್ಲಿ, ಹೆಬ್ಬೆರಳಿನಗಲದ ಜಾಗದಲ್ಲಿ, ಒಬ್ಬ ಸಿಪಾಯಿ ನಿಂತಿದ್ದ. ಅವನ ತಲೆಯ ಮೇಲೆ ನೀಲಿ ಟೋಪಿ ಇತ್ತು. ಅಂಥದೇ ಒಂದು ಟೋಪಿ ನಮ್ಮ ಮನೆಯ ಬೀರುವಿನಲ್ಲಿ, ನುಸಿಗುಳಿಗೆ ಹಾಕಿದ ಪ್ಲಾಸ್ಟಿಕ್ ಚೀಲದೊಳಗೆ, ಏಳು ವರ್ಷದಿಂದ ಇತ್ತು. ಆವತ್ತು ನನ್ನ ಬಸ್ಸು ನನ್ನನ್ನು ಬಿಟ್ಟೇ ಹೋಯಿತು.

ನಮ್ಮ ಯಜಮಾನರು ಮಿಲಿಟರಿಯಲ್ಲಿದ್ದವರು. ರಸ್ತೆ, ಸೇತುವೆ, ಕುಡಿಯುವ ನೀರು, ಇಂಥ ಕೆಲಸ ನೋಡಿಕೊಳ್ಳುವ ಪಡೆ ಅವರದು. ಎರಡು ಸಾವಿರದ ಇಸವಿಯ ಸುಮಾರಿಗೆ ಅವರನ್ನು ಶಾಂತಿಪಡೆಯ ಜೊತೆ ಆಫ್ರಿಕಾದ ಒಂದು ಸಣ್ಣ ದೇಶಕ್ಕೆ ಕಳಿಸಿದರು. ವಜ್ರ ಸಿಗುವ ನೆಲ ತಮ್ಮದಾಗಬೇಕೆಂದು ಅಲ್ಲಿ ಬಂಡುಕೋರರು ಊರೂರನ್ನೇ ಸುಡುತ್ತಿದ್ದರು, ಕಲ್ಲು ಮಾರಿ ಬಂದೂಕು ಕೊಳ್ಳುತ್ತಿದ್ದರು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ಗೊತ್ತಿದ್ದದ್ದು ಇಷ್ಟೇ: ಎರಡು ವಾರಕ್ಕೊಮ್ಮೆ ಊರಿನ ಎಸ್‌ಟಿಡಿ ಬೂತಿಗೆ ಫೋನ್ ಬರುತ್ತದೆ, ಬೂತಿನವರು ಬೀದಿಗೆ ಬಂದು ಕೂಗುತ್ತಾರೆ, ನಾನು ಸೆರಗು ಸಿಕ್ಕಿಸಿಕೊಂಡು ಓಡುವಷ್ಟರಲ್ಲಿ ಅತ್ತೆ ನನಗಿಂತ ಮುಂಚೆ ಅಲ್ಲಿರುತ್ತಾರೆ. ಅತ್ತೆಗೆ ಮಂಡಿನೋವು ಇದ್ದದ್ದು ಬೇರೆ ಕೆಲಸಗಳಿಗೆ ಮಾತ್ರ.

ಹೋಗುವ ಮುಂಚೆ ಇವರು ಮಾತಿನಮಲ್ಲರು. ರಜೆಗೆ ಬಂದರೆ ಜಗಲಿ ತುಂಬ ಜನ ಸೇರುತ್ತಿದ್ದರು. ಹಿಮದ ಗಡಿಯಲ್ಲಿ ಕಲ್ಲಾದ ಕೋಳಿಮೊಟ್ಟೆಯನ್ನು ಸುತ್ತಿಗೆಯಿಂದ ಒಡೆದ ಕಥೆಯನ್ನು ನಾನೇ ಹದಿನೈದು ಸಲ ಕೇಳಿರಬೇಕು. ಪ್ರತಿ ಸಲವೂ ಸುತ್ತಿಗೆ ಸ್ವಲ್ಪ ದೊಡ್ಡದಾಗುತ್ತಿತ್ತು. ಆಫ್ರಿಕಾದಿಂದ ಬಂದವರು ಬೇರೆಯೇ ಮನುಷ್ಯರು. ಊಟ ಹೇಗಿದೆ ಎಂದರೆ ಹೂಂ. ನಿದ್ದೆ ಬಂತಾ ಎಂದರೆ ಹೂಂ. ಊರಿನವರು ಸುಮ್ಮನಿರುತ್ತಾರೆಯೇ? "ಏನ್ ಸಾರ್, ವಜ್ರದ ದೇಶಕ್ಕೇ ಹೋಗ್ಬಂದ್ರಿ, ಒಂದ್ ಹಿಡಿ ಜೇಬಲ್ಲಿ ಹಾಕ್ಕೊಂಡ್ ಬರೋದಲ್ವಾ?" ಎಂದು ಯಾರಾದರೂ ಕೆಣಕಿದರೆ ಟವೆಲ್ ಕೊಡವಿಕೊಂಡು ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದರು. ಹಸುಗಳ ಜೊತೆಗೂ ಮಾತಾಡುತ್ತಿರಲಿಲ್ಲ. ನಾನು ಬಾಗಿಲ ಸಂದಿಯಿಂದ ನೋಡಿದ್ದೇನೆ.

ಇನ್ನೂ ಎರಡು ವಿಚಿತ್ರಗಳಿದ್ದವು. ಒಂದು, ಮನೆಯ ಮುಂದಿನ ಕಬ್ಬಿಣದ ಗೇಟು. ಮುರುಗಮಲ್ಲಕ್ಕೆ ಹೋಗುವ ರಸ್ತೆಯ ಪಕ್ಕದಲ್ಲೇ ನಮ್ಮ ಮನೆ. ಹಾದುಹೋಗುವ ಆಡು, ಕುರಿ, ಎಮ್ಮೆ ಎಲ್ಲಕ್ಕೂ ನಮ್ಮ ಅಂಗಳದ ಕನಕಾಂಬರದ ಮೇಲೆ ಕಣ್ಣು. ಅತ್ತೆ ದಿನಕ್ಕೆ ಹತ್ತು ಸಲ ಚಿಲಕ ಹಾಕುತ್ತಿದ್ದರು. ಇವರು ಹನ್ನೊಂದು ಸಲ ತೆಗೆಯುತ್ತಿದ್ದರು. "ಮಿಲಿಟ್ರಿಯೋರು ಅಂದ್ರೆ ಕಾವಲು ಕಾಯೋರು ಅನ್ಕೊಂಡಿದ್ದೆ, ಇವನು ನೋಡಿದ್ರೆ ಊರಿನ ಆಡಿಗೆಲ್ಲ ಅನ್ನಸಂತರ್ಪಣೆ ಇಟ್ಟವ್ನೆ" ಎಂದು ಅತ್ತೆ ಗೊಣಗುತ್ತಿದ್ದರು. ಇನ್ನೊಂದು, ಕೆಲಸದ ವಿಷಯ. ಪಿಂಚಣಿ ತೆಗೆದುಕೊಂಡು ಬಂದ ಮೇಲೆ ಗೌರಿಬಿದನೂರಿನ ಹತ್ತಿರ, ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿ ಸೆಕ್ಯುರಿಟಿ ಕೆಲಸ ಸಿಕ್ಕಿತು. ಮಾಜಿ ಸೈನಿಕರಿಗೆ ಅಂಥ ಕೆಲಸವನ್ನು ಕರೆದು ಕೊಡುತ್ತಾರೆ. ಅಲ್ಲೇ ರೂಮು ಮಾಡಿದರು, ನಾನು ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟಿಕೊಟ್ಟೆ. ಎಂಟೇ ದಿನಕ್ಕೆ ಉಪ್ಪಿನಕಾಯಿಯ ಡಬ್ಬದ ಸಮೇತ ವಾಪಸ್ ಬಂದರು. "ಆ ಕೆಲಸ ನಂಗಾಗಲ್ಲ" ಎಂದರು. ಕಾರಿನಲ್ಲಿ ಬರುವವರಿಗೆಲ್ಲ ಸಲ್ಯೂಟ್ ಹೊಡೆಯುವುದು ಹವಾಲ್ದಾರರಿಗೆ ಅವಮಾನವಾಗಿರಬೇಕು ಎಂದು ನಾನೇ ಅರ್ಥ ಮಾಡಿಕೊಂಡೆ. ಆಮೇಲೆ ಹಸು, ಹಿಪ್ಪುನೇರಳೆ ತೋಟ, ಡೈರಿಗೆ ಹಾಲು, ಇಷ್ಟರಲ್ಲೇ ದಿನ ಕಳೆಯತೊಡಗಿದರು.

ಇವರ ಬಾಯಿ ಕಟ್ಟಿದ್ದು ಯಾಕೆ ಎಂಬುದಕ್ಕೆ ಊರಿನವರ ಬಳಿ ನೂರು ಕಾರಣಗಳಿದ್ದವು. ನನ್ನ ಬಳಿ ಒಂದೇ ಇತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಕಾರಣ ನಾನೇ ಎಂದು ನಾನು ನಂಬಿದ್ದೆ.

ಇವರು ಆಫ್ರಿಕಾಕ್ಕೆ ಹೋಗಿ ನಾಲ್ಕಾರು ತಿಂಗಳಾಗಿತ್ತು. ಸೊಸೆಗೆ ವಜ್ರದ ಓಲೆ ಹಾಕುವುದು ನಮ್ಮ ಅತ್ತೆಯ ಮನೆಯಲ್ಲಿ ನಡೆದುಬಂದ ಪದ್ಧತಿ. ಮದುವೆಯಲ್ಲಿ ಆಗಿರಲಿಲ್ಲ, ಈಗ ಆಗಲಿ ಎಂದು ಬಸವ ಜಯಂತಿಯ ದಿನ ಚಿಂತಾಮಣಿಯ ಚಿನ್ನದಂಗಡಿಯಿಂದ ಏಳು ಕಲ್ಲಿನ ಓಲೆ ತಂದರು. ತಂದರು ಎಂದರೆ ಕೊಂಡರು ಎಂದಲ್ಲ. ವಜ್ರವನ್ನು ನಮ್ಮ ಕಡೆ ನೋಡಿದ ಕೂಡಲೇ ಕೊಳ್ಳುವುದಿಲ್ಲ, ಮೊದಲು ಪರೀಕ್ಷೆಗೆ ಮನೆಗೆ ತರುತ್ತಾರೆ. ಅಂಗಡಿಯವರೂ ನಂಬಿಕೆಯ ಮೇಲೆ ಕೊಡುತ್ತಾರೆ. ಅರಿಶಿನದ ಬಟ್ಟೆಯಲ್ಲಿ ಕಟ್ಟಿ ದೇವರ ಮುಂದೆ ಒಂಬತ್ತು ದಿನ ಇಡಬೇಕು. ಅಷ್ಟು ದಿನ ಮನೆಯವರೆಲ್ಲ ಮೈಯೆಲ್ಲ ಕಣ್ಣಾಗಿರಬೇಕು. ಯಾರಿಗೆ ಏನು ಕನಸು ಬಿತ್ತು, ಹಸು ಹಾಲು ಕಡಿಮೆ ಕೊಟ್ಟಿತೇ, ಹಾಲು ಒಡೆಯಿತೇ, ಯಾರಾದರೂ ಎಡವಿ ಬಿದ್ದರೇ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಕೆಟ್ಟದ್ದೇನೂ ಆಗದಿದ್ದರೆ ಆ ಕಲ್ಲು ಮನೆಗೆ ಆಗಿಬಂತು ಎಂದರ್ಥ. ಆಮೇಲೆ ಒಳ್ಳೆಯ ಶುಕ್ರವಾರ ನೋಡಿ ಹಾಕಿಕೊಳ್ಳಬೇಕು. ಅಲ್ಲಿಯವರೆಗೆ, ಯಾರಿಗಾಗಿ ತಂದಿದೆಯೋ ಅವಳು ಅದನ್ನು ಕಿವಿಗೆ ಮುಟ್ಟಿಸಲೂ ಬಾರದು.

"ವಜ್ರ ಅಂದ್ರೆ ಹುಡುಗಾಟ ಅಲ್ಲ ಕಣಮ್ಮ. ಆಗಿಬಂದ್ರೆ ತಲೆಮಾರಿಗೆ ಬತ್ತದೆ, ಆಗಿಬರ್ದಿದ್ರೆ ತಲೇನೇ ತಿಂತದೆ" ಎಂದು ಅತ್ತೆ ಎಚ್ಚರಿಸಿದ್ದರು.

ನಾನು ಜಂಗಮಕೋಟೆಯ ಕಡೆಯವಳು. ರೇಷ್ಮೆಹುಳುವಿನ ಮನೆಯಲ್ಲಿ ಹುಟ್ಟಿ ಬೆಳೆದವಳು. ಹುಳುಮನೆಗೆ ಮೈಲಿಗೆ ತಾಗಬಾರದು, ಗಟ್ಟಿಯಾಗಿ ಮಾತಾಡಬಾರದು ಎಂಬ ನೂರು ಕಟ್ಟುಪಾಡುಗಳನ್ನು ನೋಡಿದ್ದೆ, ಕಾಲೇಜಿಗೆ ಹೋದ ಮೇಲೆ ಅವನ್ನೆಲ್ಲ ನೋಡಿ ನಕ್ಕೂ ಇದ್ದೆ. ಇದನ್ನೂ ನಕ್ಕೇ ನೋಡಿದೆ. ಮೂರನೆಯ ದಿನ ಮಧ್ಯಾಹ್ನ ಅತ್ತೆ ತೋಟಕ್ಕೆ ಹೋಗಿದ್ದರು. ದೇವರ ಮುಂದಿನ ಗಂಟು ಬಿಚ್ಚಿದೆ. ಬೀರುವಿನ ಕನ್ನಡಿಯ ಮುಂದೆ ನಿಂತು ಎರಡೂ ಕಿವಿಗೆ ಹಾಕಿಕೊಂಡು ತಿರುಪು ಬಿಗಿ ಮಾಡಿದೆ. ಕತ್ತು ಆ ಕಡೆ ತಿರುಗಿಸಿದೆ, ಈ ಕಡೆ ತಿರುಗಿಸಿದೆ. ಒಂದು ಲೋಟ ಹಾಲು ಕಾಯುವಷ್ಟು ಹೊತ್ತು, ಅಷ್ಟೇ. ನಿಜ ಹೇಳುತ್ತೇನೆ, ನನ್ನ ಮುಖ ಅಷ್ಟು ಚೆನ್ನಾಗಿ ನನಗೆ ಯಾವತ್ತೂ ಕಂಡಿರಲಿಲ್ಲ. ಬಿಚ್ಚಿ, ಮೊದಲಿನ ಹಾಗೇ ಗಂಟು ಕಟ್ಟಿ, ಮೇಲೆ ಇದ್ದ ತುಳಸಿ ಎಲೆಯನ್ನೂ ಅದೇ ದಿಕ್ಕಿಗೆ ಇಟ್ಟೆ.

ಮಾರನೆಯ ಬೆಳಿಗ್ಗೆ ಡೈರಿಯಲ್ಲಿ ಪೇಪರ್ ಓದುತ್ತಿದ್ದ ಯಾರೋ ಓಡಿಬಂದರು. ಆಫ್ರಿಕಾದಲ್ಲಿ ಶಾಂತಿಪಡೆಯ ಕ್ಯಾಂಪನ್ನು ಬಂಡುಕೋರರು ಸುತ್ತುವರಿದಿದ್ದಾರೆ, ಒಳಗೆ ನಮ್ಮ ದೇಶದವರೂ ಇದ್ದಾರೆ, ಯಾರೂ ಹೊರಗೆ ಬರುವಂತಿಲ್ಲ. ಇವರು ಪತ್ರದಲ್ಲಿ ಬರೆಯುತ್ತಿದ್ದ ಊರಿನ ಹೆಸರೇ ಪೇಪರಿನಲ್ಲಿತ್ತು. ಅತ್ತೆ ಅಳಲಿಲ್ಲ. ನೆಟ್ಟಗೆ ದೇವರ ಕೋಣೆಗೆ ಹೋಗಿ ಗಂಟನ್ನು ಕೈಗೆ ತೆಗೆದುಕೊಂಡರು. "ಯಾರಾದ್ರೂ ಇದನ್ನ ಮುಟ್ಟಿದ್ರಾ?" ಎಂದು ಕೇಳಿದರು. ಮನೆಯಲ್ಲಿ ಇದ್ದದ್ದೇ ನಾವಿಬ್ಬರು ಮತ್ತು ತೊಟ್ಟಿಲಲ್ಲಿ ನನ್ನ ಮಗಳು.

"ಇಲ್ಲ ಅತ್ತೆ" ಅಂದೆ.

ಹತ್ತು ಗಂಟೆಯ ಬಸ್ಸಿಗೆ ಅತ್ತೆ ಚಿಂತಾಮಣಿಗೆ ಹೋಗಿ ಓಲೆಯನ್ನು ವಾಪಸ್ ಕೊಟ್ಟು, ಬರುವಾಗ ಮುರುಗಮಲ್ಲದ ದರ್ಗಾಕ್ಕೆ ಹೋಗಿ ಹರಕೆ ಹೊತ್ತು ಬಂದರು. ಆಮೇಲೆ ವಾರಗಟ್ಟಲೆ ಸುದ್ದಿಯಿಲ್ಲ. ಆ ದಿನಗಳ ಬಗ್ಗೆ ಬರೆಯಲು ನನಗೆ ಈಗಲೂ ಆಗುವುದಿಲ್ಲ. ಕೊನೆಗೊಂದು ದಿನ, ಎಲ್ಲರನ್ನೂ ಬಿಡಿಸಿಕೊಂಡರು ಎಂದು ಸುದ್ದಿ ಬಂತು. ಇವರು ಕೈಕಾಲು ನೆಟ್ಟಗೆ ಇಟ್ಟುಕೊಂಡೇ ಬಂದರು. ಕಲ್ಲು ವಾಪಸ್ ಕೊಟ್ಟಿದ್ದಕ್ಕೇ ಮಗ ಉಳಿದ ಎಂದು ಅತ್ತೆ ಈಗಲೂ ಹೇಳುತ್ತಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಆ ಮಾತಿನ ಇನ್ನೊಂದು ಪಕ್ಕ ಕಾಣುತ್ತಿತ್ತು. ಕಲ್ಲು ವಾಪಸ್ ಕೊಟ್ಟಿದ್ದರಿಂದ ಉಳಿದರು ಎಂದಾದರೆ, ಕಲ್ಲು ಹಾಕಿಕೊಂಡಿದ್ದರಿಂದ ಸಿಕ್ಕಿಬಿದ್ದರು ಎಂದೂ ಆಯಿತಲ್ಲ. ಮಕ್ಕಳಿಗೆ ಸೂರ್ಯಗ್ರಹಣದ ದಿನ ಮೂಢನಂಬಿಕೆಯ ಪಾಠ ಮಾಡುವ ನಾನೇ, ಇವರು ಮಾತಿಲ್ಲದೆ ಉಂಡು ಎದ್ದುಹೋದ ಪ್ರತಿ ಸಲವೂ ತಟ್ಟೆ ತೆಗೆಯುತ್ತಾ ಕಿವಿ ಮುಟ್ಟಿಕೊಳ್ಳುತ್ತಿದ್ದೆ. ಓದಿದ್ದು ತಲೆಯಲ್ಲಿ ಇತ್ತು, ಭಯ ಹೊಟ್ಟೆಯಲ್ಲಿ ಇತ್ತು.

ಹಾಗಾಗಿ ಆ ಪೋಸ್ಟರ್. ಅಲ್ಲಿ ಏನಾಯಿತು ಎಂದು ಇವರು ಹೇಳುವುದಿಲ್ಲ, ಸಿನಿಮಾ ಆದರೂ ತೋರಿಸೀತು. ತೋರಿಸಿದರೆ ಇವರ ಬಾಯಿಯೂ ಬಿಟ್ಟೀತು. ನನ್ನಿಂದ ಹೋದ ಮಾತು ನನ್ನಿಂದಲೇ ವಾಪಸ್ ಬಂದೀತು. ಇಷ್ಟು ಆಸೆ ಇಟ್ಟುಕೊಂಡು ಮನೆಗೆ ಬಂದು, "ಹೆಡ್‌ಮಾಸ್ಟ್ರು ಒಂದು ಸಿನಿಮಾ ನೋಡ್ಕೊಂಡ್ ಬನ್ನಿ ಅಂದವ್ರೆ, ಮಕ್ಕಳನ್ನ ಕರ್ಕೊಂಡ್ ಹೋಗ್ಬೋದಾ ಅಂತ ಹೇಳ್ಬೇಕಂತೆ" ಎಂದು ಸುಳ್ಳು ಹೇಳಿದೆ. ಗುಡಿಸಲು ಉರಿಯುವ ಸಿನಿಮಾಕ್ಕೆ ಎರಡನೇ ಕ್ಲಾಸಿನ ಮಕ್ಕಳನ್ನು ಯಾವ ಹೆಡ್‌ಮಾಸ್ಟರು ಕಳಿಸುತ್ತಾರೋ ದೇವರೇ ಬಲ್ಲ.

"ಯಾವ ಸಿನಿಮಾ?" ಎಂದರು.

"ಏನೋ ಆಫ್ರಿಕಾದ್ದಂತೆ. ವಜ್ರದ್ದು."

ಇವರು ಹಸುವಿನ ಹಗ್ಗವನ್ನು ಗೂಟಕ್ಕೆ ಸುತ್ತುತ್ತಿದ್ದರು. ಸುತ್ತಿದ್ದನ್ನೇ ಮತ್ತೆ ಬಿಚ್ಚಿ ಸುತ್ತಿದರು. "ಭಾನ್ವಾರ ಹೋಗಣ" ಎಂದರು. ನನಗೆ ಆಶ್ಚರ್ಯವಾಯಿತು.

ಭಾನುವಾರ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಮ್ಯಾಟ್ನಿಗೆ ಹೋದೆವು. ಟಾಕೀಸಿನಲ್ಲಿ ನಲವತ್ತು ಜನ ಇದ್ದರೆ ಹೆಚ್ಚು. ಫ್ಯಾನು ತಿರುಗುವ ಶಬ್ದ ಸಿನಿಮಾದ ಹೆಲಿಕಾಪ್ಟರಿನ ಶಬ್ದಕ್ಕಿಂತ ಜೋರಾಗಿತ್ತು. ಹೆಲಿಕಾಪ್ಟರ್ ಓಡಿಸುವವನೇ ನಾಯಕ. ಬಿಳಿಯ, ಕುಡುಕ, ಒಳ್ಳೆಯವನು. ಅವನಿಗೊಬ್ಬಳು ಡಾಕ್ಟರಮ್ಮ. ಯುದ್ಧ, ಧೂಳು, ಹೊಗೆ ಎಷ್ಟೇ ಇದ್ದರೂ ಅವಳ ಕೋಟು ಮಾತ್ರ ಇಸ್ತ್ರಿ ಮಾಡಿದ ಹಾಗೇ ಇತ್ತು. ಕೋಳಿಮೊಟ್ಟೆಯಷ್ಟು ದೊಡ್ಡ ವಜ್ರವನ್ನು ಯಾರೋ ಒಂದು ಮರದ ಗೊಂಬೆಯ ಹೊಟ್ಟೆಯೊಳಗೆ ಬಚ್ಚಿಟ್ಟಿದ್ದಾರೆ, ಅದರ ಹಿಂದೆ ಎಲ್ಲರೂ ಓಡುತ್ತಾರೆ, ಅಷ್ಟೇ ಕಥೆ. ಬಂಡುಕೋರರ ನಾಯಕನಿಗೆ ಡಬ್ಬಿಂಗ್ ಹೇಳಿದವನು ರಾಯಲಸೀಮೆಯ ಗತ್ತಿನಲ್ಲಿ "ಏಮಿರಾ!" ಎಂದು ಗುಡುಗಿದ ಕೂಡಲೇ ಮುಂದಿನ ಸಾಲಿನವರು ಶಿಳ್ಳೆ ಹೊಡೆದರು. ಆಫ್ರಿಕಾದ ಕಾಡಿನಲ್ಲಿ ಕಡಪದ ಮಾತು ಕೇಳಿ ನನಗೂ ನಗು ಬಂತು. ನಕ್ಕ ಮೇಲೆ ನಾಚಿಕೆಯಾಯಿತು. ಪರದೆಯ ಮೇಲೆ ಆಗ ಒಂದು ಊರು ಉರಿಯುತ್ತಿತ್ತು.

ಅದೇ ನನಗೆ ಸಹಿಸಲಾಗದ್ದು. ಊರೂರೇ ಸಾಯುತ್ತಿತ್ತು, ಆದರೆ ಸತ್ತವರ ಮುಖವನ್ನು ಕ್ಯಾಮೆರಾ ಒಂದು ಗಳಿಗೆಯೂ ನೋಡಲಿಲ್ಲ. ಅವರು ಸತ್ತಿದ್ದಕ್ಕೆ ನಾಯಕನಿಗೆ ಎಷ್ಟು ಬೇಜಾರಾಯಿತು ಎಂಬುದನ್ನು ಮಾತ್ರ ಬಹಳ ಹೊತ್ತು ನೋಡಿತು. ಆ ಊರುಗಳ ಹೆಂಗಸರು ಓಡುವುದು, ಬೀಳುವುದು, ಕಿರುಚುವುದು ಬಿಟ್ಟು ಒಂದು ಮಾತನ್ನೂ ಆಡಲಿಲ್ಲ. ಮಾತಾಡುವ ಹಕ್ಕು ವಜ್ರ ಹುಡುಕುವವರಿಗೆ ಮಾತ್ರ ಇದ್ದ ಹಾಗಿತ್ತು.

ನಾನು ಸಿನಿಮಾಕ್ಕಿಂತ ಹೆಚ್ಚಾಗಿ ಇವರನ್ನು ನೋಡುತ್ತಿದ್ದೆ. ಇಂಟರ್‌ವಲ್ ಆದ ಮೇಲೆ ಶಾಂತಿಪಡೆಯ ಕ್ಯಾಂಪ್ ಬಂತು. ಬಿಳಿಯ ಜೀಪು, ಮರಳಿನ ಮೂಟೆ, ನೀಲಿ ಟೋಪಿ. ಇವರು ಬೆನ್ನು ನೆಟ್ಟಗೆ ಮಾಡಿ ಮುಂದಿನ ಸೀಟಿನ ಹಿಂಬದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬಂತು, ಈಗ ಬಂತು ಎಂದು ನಾನು ಇವರ ಕಡೆಗೇ ತಿರುಗಿ ಕೂತೆ. ಪರದೆಯ ಮೇಲೆ ನಾಯಕನ ಜೀಪು ಹಾರ್ನ್ ಮಾಡುತ್ತಾ ಬಂತು. ಗೇಟಿನಲ್ಲಿದ್ದ ಸಿಪಾಯಿ ಬಾಯಿಂದ ಸಿಗರೇಟು ತೆಗೆದು, ಯಾರು ಎಂದೂ ಕೇಳದೆ ಗೇಟು ತೆಗೆದ. ಜೀಪಿನ ಹಿಂದೆ ಓಡಿಬರುತ್ತಿದ್ದ ಊರಿನವರೂ ಒಳಗೆ ಬಂದರು. ಎಲ್ಲರೂ ಬದುಕಿದರು. ಪಿಟೀಲು ಬಾರಿಸಿದರು. ಎರಡು ನಿಮಿಷದಲ್ಲಿ ಮುಗಿದೇಹೋಯಿತು. ಇವರು ಸೀಟಿನಿಂದ ಕೈ ಬಿಟ್ಟು ಹಿಂದಕ್ಕೆ ಒರಗಿ ಕಣ್ಣು ಮುಚ್ಚಿಕೊಂಡರು. ಸಿನಿಮಾ ಮುಗಿಯುವವರೆಗೂ ತೆರೆಯಲಿಲ್ಲ.

ಹೊರಗೆ ಬಂದಾಗ ಇನ್ನೂ ಚುರುಚುರು ಬಿಸಿಲಿತ್ತು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆವು. ನಮ್ಮ ಬಸ್ಸಿಗೆ ಮುಕ್ಕಾಲು ಗಂಟೆ ಇತ್ತು. ನಾನು ಹುರಿದ ಕಡಲೆಕಾಯಿ ಪೊಟ್ಟಣ ಕೊಂಡು ನಡುವೆ ಇಟ್ಟೆ. ನನಗೆ ಸಿಟ್ಟು ನೆತ್ತಿಗೇರಿತ್ತು. ಟಿಕೆಟ್ ತೆಗೆದುಕೊಂಡು ಮೋಸ ಹೋದ ಸಿಟ್ಟಲ್ಲ, ಏಳು ವರ್ಷ ಕಾದು ಮೋಸ ಹೋದ ಸಿಟ್ಟು.

"ಅಷ್ಟು ಜನ ಹೋಗಿ ಕಷ್ಟ ಪಟ್ರಿ. ನಮ್ಮೋರ ಮುಖ ಒಂದಾದ್ರೂ ತೋರಿಸ್ಬೇಕಿತ್ತು ಅಲ್ವೇನ್ರೀ?" ಎಂದೆ.

"ನಮ್ಮೋರು ಇಲ್ದಿದ್ರೆ ಹೋಗ್ಲಿ ಬಿಡು" ಎಂದರು. ಮತ್ತೆ ಕಡಲೆಕಾಯಿ ಬಿಡಿಸತೊಡಗಿದರು. ಬಿಡಿಸಿದ್ದನ್ನು ತಿನ್ನುತ್ತಿರಲಿಲ್ಲ, ಪೊಟ್ಟಣದ ಮೇಲೆ ಸಾಲಾಗಿ ಇಡುತ್ತಿದ್ದರು.

ಮುಗಿಯಿತು ಅನ್ನಿಸಿತು. ಸಿನಿಮಾವೂ ಕೈಕೊಟ್ಟಿತು. ಇನ್ನು ಇವರು ಮಾತಾಡುವುದಿಲ್ಲ, ನಾನಾದರೂ ಆಡಿಬಿಡೋಣ ಎಂದು, ಸುತ್ತಲೂ ಜನ ಓಡಾಡುತ್ತಿದ್ದಾರೆ ಎಂಬುದನ್ನೂ ನೋಡದೆ ಹೇಳಿಬಿಟ್ಟೆ. ಗಂಟು ಬಿಚ್ಚಿದ್ದು, ಕನ್ನಡಿ, ತಿರುಪು, ತುಳಸಿ ಎಲೆ, ಅತ್ತೆಗೆ ಹೇಳಿದ ಸುಳ್ಳು, ಎಲ್ಲ. "ನಿಮಗೆ ಆಗಿದ್ದೆಲ್ಲ ನನ್ನಿಂದಾನೇ ಕಣ್ರೀ" ಎನ್ನುವಷ್ಟರಲ್ಲಿ ಅಳು ಬಂದುಬಿಟ್ಟಿತು.

ಇವರು ನನ್ನನ್ನೇ ನೋಡಿದರು. "ಓಲೆ ತಂದಿದ್ದು ಯಾವತ್ತು?" ಎಂದರು.

"ಬಸವ ಜಯಂತಿ ದಿನ."

"ನೀನು ಹಾಕ್ಕೊಂಡಿದ್ದು?"

"ಮೂರನೇ ದಿನ."

ಬೆರಳು ಮಡಿಸಿ ಎಣಿಸಿದರು. ಆಮೇಲೆ ನಕ್ಕರು. ಬಾಯಿ ತುಂಬ, ಹಲ್ಲು ಕಾಣುವ ಹಾಗೆ. ಆ ನಗುವನ್ನು ನಾನು ಮರೆತೇಬಿಟ್ಟಿದ್ದೆ.

"ಹುಚ್ಚಿ ಕಣೇ ನೀನು. ಬಸವ ಜಯಂತಿ ದಿನ ನಾವು ಸಿಕ್ಕಾಕ್ಕೊಂಡು ಆಗ್ಲೇ ನಾಕ್ ದಿನ ಆಗಿತ್ತು. ಧಾರವಾಡದ ಕಡೆಯೋನು ಒಬ್ಬ ಇದ್ದ, ಇವತ್ತು ಹಬ್ಬ ಹೋಳಿಗೆ ಮಾಡಣ ಅಂತ ಬೇಳೆ ಬೇಯಿಸ್ಬಿಟ್ಟ. ಬೆಲ್ಲ ಎಲ್ಲಿತ್ತು? ಉಪ್ಪು ಹಾಕ್ಕೊಂಡು ತಿಂದ್ವಿ. ಪೇಪರ್‌ನೋರಿಗೆ ಗೊತ್ತಾಗೋ ಹೊತ್ತಿಗೆ ವಾರ ಆಗಿತ್ತು. ನೀನು ಓಲೆ ಮುಟ್ಟೋ ಮುಂಚೆ, ಅಮ್ಮ ಅದನ್ನ ಮನೆಗೆ ತರೋ ಮುಂಚೆ, ಆಗೋದೆಲ್ಲ ಆಗೋಗಿತ್ತು."

ಏಳು ವರ್ಷ ನಾನು ಹೊತ್ತಿದ್ದು ಒಂದು ತಾರೀಕಿನಿಂದ ಇಳಿದುಹೋಯಿತು. ಯಾರಾದರೂ ಕೇಳಿದ್ದರೆ ಅಂದೇ ಇಳಿಯುತ್ತಿತ್ತು. ಕೇಳುವವರೂ ಇರಲಿಲ್ಲ, ಹೇಳುವ ಧೈರ್ಯವೂ ಇರಲಿಲ್ಲ. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಇವರ ನಗು ಅಷ್ಟರಲ್ಲಿ ನಿಂತುಹೋಗಿತ್ತು.

"ಗೇಟು ಅಷ್ಟು ಸಲೀಸಾಗಿ ತೆಗೀತಾರೇನೇ?" ಎಂದರು.

ನನಗೆ ಒಂದು ಮಾತು ಆಡಿದರೆ ಇವರು ನಿಲ್ಲಿಸಿಬಿಟ್ಟಾರು ಎಂಬ ಭಯ.

ಅವರ ಕ್ಯಾಂಪಿನ ಗೇಟಿನ ಪಕ್ಕದಲ್ಲಿ ಊರಿನವರಿಗಾಗಿ ಒಂದು ನಲ್ಲಿ ಹಾಕಿದ್ದರಂತೆ. ಹಾಕಿದವರು ಇವರೇ. ಒಬ್ಬ ಹೆಂಗಸು ದಿನಾ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನೀರಿಗೆ ಬರುತ್ತಿದ್ದಳು. ನೀರಿಗೆ ಪ್ರತಿಯಾಗಿ ಎರಡು ಬಾಳೆಹಣ್ಣು ಗೇಟಿನ ಸರಳಿನ ಮೇಲೆ ಇಟ್ಟು ಹೋಗುತ್ತಿದ್ದಳು, ಬೇಡ ಎಂದರೂ ಕೇಳುತ್ತಿರಲಿಲ್ಲ. ಮೊದಲು ಅವಳನ್ನು ಬಂಡುಕೋರರು ವಜ್ರದ ಗುಂಡಿಯಲ್ಲಿ ದುಡಿಸಿಕೊಂಡಿದ್ದರಂತೆ. ಸೊಂಟದವರೆಗೆ ನೀರಿನಲ್ಲಿ ನಿಂತು ಜಲ್ಲಿಯನ್ನು ಜರಡಿ ಹಿಡಿಯುವುದು. "ನಮ್ಮಲ್ಲಿ ರಾಗಿ ಜರಡಿ ಹಿಡಿಯಲ್ವಾ, ಥೇಟ್ ಹಂಗೇ ಕೈಯಲ್ಲಿ ಮಾಡಿ ತೋರ್ಸಿದ್ಲು" ಎಂದು ಇವರೂ ಎರಡು ಕೈ ಚಾಚಿ ಗಾಳಿಯಲ್ಲಿ ಜರಡಿ ತಿರುಗಿಸಿದರು. "ಅಷ್ಟು ವರ್ಷ ಕಲ್ಲು ತೆಗ್ದವ್ಳೆ, ಅದನ್ನ ಏನ್ ಮಾಡ್ತಾರೆ ಅಂತಾನೇ ಗೊತ್ತಿಲ್ಲ ಅವ್ಳಿಗೆ. ನನ್ನ ಕೇಳಿದ್ಲು. ನಮ್ಮೂರಲ್ಲಿ ಹೆಂಗಸ್ರು ಕಿವಿಗೆ ಹಾಕ್ಕೊಳ್ತಾರೆ ಅಂತ ಕಿವಿ ಹಿಡ್ಕೊಂಡು ತೋರ್ಸ್ದೆ. ಎಷ್ಟು ನಕ್ಳು ಗೊತ್ತಾ? ನಂಬ್ಲೇ ಇಲ್ಲ. ದಿನಾ ಬಂದು ತನ್ನ ಕಿವಿ ಹಿಡ್ಕೊಂಡು ನಗೋಳು."

ಪೊಟ್ಟಣದ ಮೇಲಿನ ಬೀಜಗಳನ್ನು ಒಂದೊಂದಾಗಿ ವಾಪಸ್ ಒಳಗೆ ಹಾಕಿದರು.

"ಬಂಡುಕೋರರು ಸುತ್ತುವರೆದ ದಿನ ಗೇಟಲ್ಲಿ ನಂದೇ ಡ್ಯೂಟಿ. ಊರೋರೆಲ್ಲ ಓಡ್ಬಂದ್ರು. ಗೇಟು ತೆಗೀಬಾರ್ದು ಅಂತ ಆರ್ಡರ್ ಇತ್ತು. ಆರ್ಡರ್ ತಪ್ಪು ಅಂತ ನಾನು ಹೇಳಲ್ಲ, ತೆಗ್ದಿದ್ರೆ ಗುಂಪಲ್ಲಿ ಅವ್ರೂ ನುಗ್ಗೋರು, ಒಳಗಿರೋರೆಲ್ಲ ಸಾಯ್ತಿದ್ವಿ. ಅವ್ಳೂ ಬಂದ್ಲು. ನನ್ನ ಮುಖ ನೋಡಿ ಕೂಗೋದು ನಿಲ್ಸಿದ್ಲು, ಇವನು ತೆಗೀತಾನೆ ಅಂತ. ಆಮೇಲೆ ಮಗು ಬಿಚ್ಚಿ ಸರಳಿನ ಹತ್ರ ಹಿಡಿದ್ಲು. ನಾನು ಬೇಡ, ಇದನ್ನ ತಗೋ ಅಂತ."

ಮುರುಗಮಲ್ಲದ ಕಡೆಯ ಬಸ್ಸು ಬಂದು ನಿಂತಿತು. ಇಬ್ಬರೂ ಏಳಲಿಲ್ಲ.

"ಆಮೇಲೆ?" ಎಂದೆ.

"ನಾನು ತೆಗೀಲಿಲ್ಲ ಕಣೇ. ಸಾಯಂಕಾಲ ಡ್ಯೂಟಿ ಬದಲಾಯ್ತು. ಬೆಳಿಗ್ಗೆ ನೋಡಿದ್ರೆ ಗೇಟಿನ ಹೊರಗೆ ಒಬ್ರೂ ಇಲ್ಲ. ವಾರಗಟ್ಟಲೆ ಆದ್ಮೇಲೆ ನಮ್ಮನ್ನ ಬಿಡಿಸ್ಕೊಂಡು ಆ ಊರ ಮೇಲೇ ಕರ್ಕೊಂಡ್ ಬಂದ್ರು. ಗೋಡೆ ಇದ್ವು, ಜನ ಇರ್ಲಿಲ್ಲ. ಬದುಕವ್ಳೋ ಇಲ್ವೋ ಗೊತ್ತಿಲ್ಲ. ಯಾರನ್ನ ಕೇಳೋದು? ಅವ್ಳ ಹೆಸರೇ ಗೊತ್ತಿಲ್ಲ ನಂಗೆ."

ಸಿನಿಮಾದಲ್ಲಿ ಇವರು ನಮ್ಮವರ ಮುಖವನ್ನು ಹುಡುಕುತ್ತಿದ್ದಾರೆ ಎಂದು ನಾನು ತಿಳಿದುಕೊಂಡಿದ್ದೆ. ಹುಡುಕುತ್ತಿದ್ದದ್ದು ಗೇಟಿನ ಹೊರಗೆ ನಿಂತ ಒಬ್ಬ ಹೆಂಗಸನ್ನು. ಕುಡುಮಲಕುಂಟೆಯ ಫ್ಯಾಕ್ಟರಿಯ ಗೇಟಿನಲ್ಲಿ ಎಂಟು ದಿನ ನಿಂತು ಬಂದ ಮನುಷ್ಯನಿಗೆ ನಾನು ಸಲ್ಯೂಟಿನ ಅವಮಾನ ಎಂದು ಹೆಸರಿಟ್ಟಿದ್ದೆ. ನನ್ನ ತಪ್ಪನ್ನು ಬೆರಳು ಮಡಿಸಿ ಎಣಿಸಿ ತೆಗೆದುಹಾಕಿದರು. ಅವರದನ್ನು ತೆಗೆದುಹಾಕುವಂಥ ತಾರೀಕು ನನ್ನ ಹತ್ತಿರ ಒಂದೂ ಇರಲಿಲ್ಲ. ಏನು ಹೇಳಲಿ? ಆರ್ಡರ್ ಇತ್ತಲ್ಲ ಎಂದು ಹೇಳಬಹುದಿತ್ತು. ಅದನ್ನು ಅವರು ಏಳು ವರ್ಷದಿಂದ ತಮಗೆ ತಾವೇ ಹೇಳಿಕೊಂಡಿರುತ್ತಾರೆ. ನಾನು ಅವರ ಕೈ ಹಿಡಿದುಕೊಂಡೆ. ಬಸ್‌ಸ್ಟ್ಯಾಂಡಿನಲ್ಲಿ, ನನ್ನ ಶಾಲೆಯ ಮಕ್ಕಳ ಅಪ್ಪ ಅಮ್ಮಂದಿರು ಓಡಾಡುವ ಕಡೆ, ಹಾಗೆ ಕೂತಿದ್ದು ಅದೇ ಮೊದಲು.

ಆಮೇಲೂ ಅತ್ತೆ ಎರಡು ಸಲ ಓಲೆಯ ಮಾತೆತ್ತಿದ್ದಾರೆ. ಬೇರೆ ಕಲ್ಲು ನೋಡೋಣ, ಎಲ್ಲ ಕಲ್ಲೂ ಹಾಗಿರಲ್ಲ ಎನ್ನುತ್ತಾರೆ. ನಾನು ಬೇಡ ಎಂದಿದ್ದೇನೆ. ಒಂಬತ್ತು ದಿನ ದೇವರ ಮುಂದೆ ಇಟ್ಟು, ಈ ಕಲ್ಲು ನಮಗೇನು ಮಾಡುತ್ತದೆ ಎಂದು ನಾವು ಕಾಯುತ್ತೇವೆ. ಅದು ನಮ್ಮ ಮನೆಗೆ ಬರುವ ಮುಂಚೆ ಯಾರಿಗೆ ಏನು ಮಾಡಿ ಬಂತು ಎಂದು ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ಅತ್ತೆಗೆ ಇದನ್ನು ಹೇಳಿ ನೋಯಿಸುವ ಮನಸ್ಸಾಗಲಿಲ್ಲ. ಕಿವಿ ಹುಣ್ಣಾಗುತ್ತದೆ ಎಂದು ಇನ್ನೊಂದು ಸುಳ್ಳು ಹೇಳಿದೆ.

ಆ ಭಾನುವಾರದಿಂದ ಇವರು ಮೊದಲಿನ ಹಾಗಾದರು ಎಂದು ಬರೆದರೆ ಅದು ಆ ಸಿನಿಮಾದ ಹಾಗೇ ಆಗುತ್ತದೆ. ಹಾಗೇನೂ ಆಗಲಿಲ್ಲ. ಸುತ್ತಿಗೆಯ ಕಥೆ ಜಗಲಿಗೆ ವಾಪಸ್ ಬರಲಿಲ್ಲ. ಒಮ್ಮೊಮ್ಮೆ ನಾನು ರಾಗಿ ಜರಡಿ ಹಿಡಿಯುವಾಗ ಪಕ್ಕದಲ್ಲಿ ಬಂದು ಕೂತು ನೋಡುತ್ತಾರೆ, ಆ ನಲ್ಲಿಯ ಬಗ್ಗೆಯೋ, ಅಲ್ಲಿಯ ಬಾಳೆಹಣ್ಣಿನ ಬಗ್ಗೆಯೋ ಒಂದೆರಡು ಮಾತು ಹೇಳಿ ಎದ್ದು ಹೋಗುತ್ತಾರೆ.

ಆವತ್ತು ಮುಂದಿನ ಬಸ್ಸಿಗೆ ಊರಿಗೆ ಬಂದು ಇಳಿದಾಗ ಇನ್ನೂ ಬೆಳಕಿತ್ತು. ಅತ್ತೆ ಗೇಟಿಗೆ ಚಿಲಕ ಹಾಕಿದ್ದಷ್ಟೇ ಅಲ್ಲ, ಮಗ ಬಂದು ತೆಗೆದುಬಿಡುತ್ತಾನೆಂದು ತೆಂಗಿನ ಹಗ್ಗದಿಂದ ಬಿಗಿದು ಕಟ್ಟಿದ್ದರು. ಇವರು ಗೇಟಿನ ಮುಂದೆ ನಿಂತುಬಿಟ್ಟರು. ಎಂದಿನ ಹಾಗೆ ಕೈ ಹಾಕಲಿಲ್ಲ. ಹೇಳಿಬಿಟ್ಟ ಮೇಲೆ ಅದು ಇನ್ನೂ ಕಷ್ಟವಾಗಿತ್ತೇನೋ. ನಾನು ಚೀಲವನ್ನು ಅವರ ಕೈಗೆ ಕೊಟ್ಟು ಹಗ್ಗ ಬಿಚ್ಚಿದೆ, ಚಿಲಕ ತೆಗೆದೆ, ಎರಡೂ ಬಾಗಿಲನ್ನು ಗೋಡೆಗೆ ತಾಗುವವರೆಗೆ ತಳ್ಳಿದೆ. ಗಾಳಿಗೆ ಮುಚ್ಚಿಕೊಳ್ಳದ ಹಾಗೆ ಎರಡು ದಪ್ಪ ಕಲ್ಲು ಉರುಳಿಸಿ ಒತ್ತುಕೊಟ್ಟೆ.

ಬೆಳಿಗ್ಗೆ ಎದ್ದು ನೋಡಿದರೆ ಯಾರದೋ ಆಡು ಬಂದು ಅರ್ಧ ಕನಕಾಂಬರ ತಿಂದು ಹೋಗಿತ್ತು.

"ಯಾರದು, ಗೇಟಿಗೆ ಕಲ್ಲು ಒತ್ತುಕೊಟ್ಟು ಇಟ್ಟೋರು?" ಎಂದು ಅತ್ತೆ ಅಂಗಳದಿಂದಲೇ ಕೂಗಿದರು. ಕೊಟ್ಟಿಗೆಯಲ್ಲಿ ಹಾಲು ಕರೆಯುವ ಸದ್ದು ನಿಂತಿತು. ಇವರು ಉತ್ತರ ಹೇಳುವ ಮುಂಚೆ ನಾನು ಅಡಿಗೆಮನೆಯಿಂದ ಹೊರಗೆ ಬಂದೆ.

"ನಾನೇ ಅತ್ತೆ" ಅಂದೆ. "ಇನ್ಮೇಲೆ ಅದು ಹಂಗೇ ಇರ್ಲಿ."